ಒಂದೇ ಪರ್ವತದ ಎರಡು ನಾಡುಗಳು

ಯುರೋಪಿನ ಭೂಪಟವನ್ನು ಬಿಡಿಸಿ ಪೋಲೆಂಡಿನ ಮೇಲೆ ಬೆರಳಿಟ್ಟು ಪಶ್ಚಿಮದಿಂದ ಪೂರ್ವಕ್ಕೆ ಸರಿಸಿಕೊಂಡು ಹೋದರೆ ಅದಕ್ಕೆ ಅಡ್ಡಲಾಗುವ ಪರ್ವತವೊಂದೂ ನಮಗೆ ಸಿಗುವುದಿಲ್ಲ. ಬರ್ಲಿನ್ನಿನಿಂದ ವಾರ್ಸಾದವರೆಗೆ, ಅಲ್ಲಿಂದ ಮಾಸ್ಕೋದವರೆಗೆ ಎಲ್ಲವೂ ಒಂದೇ ಬಯಲು. ರುಮಾನಿಯದ ಮೇಲೆ ಬೆರಳಿಟ್ಟರೆ ನಡುನಾಡಿನಲ್ಲಿಯೇ ಬಿಲ್ಲಿನಂತೆ ಬಾಗಿದ ಕಾರ್ಪೇಥಿಯನ್ ಶ್ರೇಣಿಯು ಎದುರಾಗುತ್ತದೆ. ಇದೇ ಶ್ರೇಣಿಯ ಉತ್ತರದ ತುದಿ ಪೋಲೆಂಡಿಗೆ ದಕ್ಷಿಣದ ಎಲ್ಲೆ. ಪೋಲೆಂಡಿನ ಅತ್ಯುನ್ನತ ಶಿಖರವಾದ ರಿಸಿಯ ಎತ್ತರ 2,499 ಮೀಟರು. ರುಮಾನಿಯದ ಮೊಲ್ದೊವ್ಯಾನುವಿನದು 2,544. ಅಂತರವು ಕೇವಲ 45 ಮೀಟರು. ಆದರೆ ಒಬ್ಬರಿಗೆ ಪರ್ವತವು ಹೊಸ್ತಿಲಲ್ಲಿದೆ, ಇನ್ನೊಬ್ಬರಿಗೆ ಮನೆಯೊಳಗೇ ಇದೆ.

ಪೋಲೆಂಡಿನ ಬಯಲನ್ನು ರೂಪಿಸಿದ್ದು ಹಿಮ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯದಿಂದ ಹಲವು ಬಾರಿ ಇಳಿದುಬಂದ ಹಿಮದ ಹೊದಿಕೆಯು ಮರಳನ್ನೂ ಹೆಬ್ಬಂಡೆಗಳನ್ನೂ ಹೊತ್ತು ತಂದು ಹರಡಿತು. ಉತ್ತರದ ಮಸೂರಿಯ ಪ್ರಾಂತದ ಅಸಂಖ್ಯ ಸರೋವರಗಳು ಅದು ಬಿಟ್ಟುಹೋದ ಗುರುತುಗಳು. ಆ ಹಿಮವು ರುಮಾನಿಯವನ್ನು ಮುಟ್ಟಲೇ ಇಲ್ಲ. ಅಲ್ಲಿ ಎತ್ತರದ ಕಣಿವೆಗಳಲ್ಲಿ ಮಾತ್ರ ಹಿಮನದಿಗಳಿದ್ದುವು.

ಹೆಸರುಗಳೂ ಇದಕ್ಕೆ ಹೊಂದುತ್ತವೆ. ಪೋಲಿಷ್ ಭಾಷೆಯಲ್ಲಿ 'ಪೋಲೆ' ಎಂದರೆ ಹೊಲ, ಬಯಲು. ರುಮಾನಿಯದ ಹೆಸರು ರೋಮಿನದು. ಕ್ರಿ.ಶ. 106ರಲ್ಲಿ ಚಕ್ರವರ್ತಿ ಟ್ರಾಜನ್ ಅಲ್ಲಿಯ ಡೇಸಿಯ ರಾಜ್ಯವನ್ನು ಗೆದ್ದನು. ಸುಮಾರು 165 ವರ್ಷಗಳ ತರುವಾಯ ರೋಮನ್ ಸೈನ್ಯವು ಹಿಂದಿರುಗಿತು, ಲ್ಯಾಟಿನ್ ಉಳಿಯಿತು. ಸ್ಲಾವರೂ ಹಂಗೇರಿಯನರೂ ಸುತ್ತುವರಿದಿರುವ ಈ ಜನರು ಇಂದಿಗೂ ತೋಳಕ್ಕೆ 'ಲುಪ್' ಎನ್ನುತ್ತಾರೆ. ನಿರ್ದಿಷ್ಟವಾದ ಒಂದು ತೋಳವಾದರೆ ಪದದ ಕೊನೆಗೆ ಪ್ರತ್ಯಯ ಹತ್ತಿ 'ಲುಪುಲ್' ಆಗುತ್ತದೆ. ಪೋಲಿಷ್ ಸ್ಲಾವ್ ಕುಟುಂಬದ್ದು. ಅದರಲ್ಲಿ ವಿಭಕ್ತಿಗಳು ಏಳು. ನಮ್ಮ ವ್ಯಾಕರಣವನ್ನು ಓದಿದವರಿಗೆ ಇದು ಅಷ್ಟೇನೂ ಅಪರಿಚಿತವೆನಿಸದು.

ಪೋಲರು ಬಹುಮಟ್ಟಿಗೆ ರೋಮಿನ ಕೆಥೋಲಿಕ್ ಪಂಥದವರು. ರೋಮಿನ ಹೆಸರನ್ನು ಹೊತ್ತ ರುಮಾನಿಯನರು ಬಹುಮಟ್ಟಿಗೆ ಆರ್ಥೊಡಾಕ್ಸ್ ಪಂಥದವರು! ಚರಿತ್ರೆಗೆ ಇಂತಹ ವಿನೋದಗಳು ಹೊಸವಲ್ಲ.

ಬಯಲು ಜನರನ್ನು ಕೂಡಿಸುತ್ತದೆ, ಬೆಟ್ಟ ಅಗಲಿಸುತ್ತದೆ ಎನ್ನುವುದು ವಾಡಿಕೆ. ಇಲ್ಲಿ ನಾವು ಕಾಣುವುದು ಬೇರೆ. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ರುಮಾನಿಯನ್ ಭಾಷೆಯನ್ನಾಡುವ ಕುರಿಗಾಹಿಗಳು ಕಾರ್ಪೇಥಿಯನ್ನಿನ ನೆತ್ತಿಯ ಹುಲ್ಲುಗಾವಲುಗಳನ್ನು ಹಿಡಿದು ಮಂದೆಗಳೊಡನೆ ಪೋಲೆಂಡಿನವರೆಗೂ ನಡೆದರು. ಅವರ ಮಾತು ಅಲ್ಲಿ ಕರಗಿಹೋಯಿತು, ಕಸುಬಿನ ಪದಗಳು ನಿಂತುವು. ಪೋಲಿಷ್ ಬೆಟ್ಟಗಾಡಿನಲ್ಲಿ ಕುರಿಗಾಹಿಗಳ ಹಿರಿಯನು 'ಬಾಟ್ಸಾ', ರುಮಾನಿಯದಲ್ಲಿ 'ಬಾಚ್'. ಕುರಿಹಾಲಿನ ಚೀಸು ಅಲ್ಲಿ 'ಬ್ರಿಂಜಾ', ಇಲ್ಲಿ 'ಬ್ರಿನ್ಜ'.

ಪರ್ವತದ ಬುಡದಲ್ಲಿಯೂ ಎರಡು ನಾಡುಗಳಿಗೆ ಸಮಾನ ಸಂಪತ್ತಿದೆ: ಒಣಗಿಹೋದ ಹಳೆಯ ಸಮುದ್ರದ ಉಪ್ಪು, ಮತ್ತು ಕಲ್ಲೆಣ್ಣೆ. 1853ರಲ್ಲಿ ಇಗ್ನಾಟ್ಸಿ ವುಕಾಶೆವಿಚ್ ಎಂಬ ಪೋಲಿಷ್ ಔಷಧತಜ್ಞನ ಸೀಮೆಎಣ್ಣೆಯ ದೀಪವು ಲ್ವೂಫ್ ನಗರದ ಆಸ್ಪತ್ರೆಯಲ್ಲಿ ಉರಿಯಿತು. ನಾಲ್ಕೇ ವರ್ಷಗಳಲ್ಲಿ ಬುಖಾರೆಸ್ಟಿನ ಬೀದಿಗಳಲ್ಲಿ ಸೀಮೆಎಣ್ಣೆಯ ದೀಪಗಳು ಬೆಳಗಿದುವು.

ಎಲ್ಲೆಗೋಡೆಯಿಲ್ಲದ ಬಯಲಿಗೆ ಪೋಲರು ತೆತ್ತ ಬೆಲೆ ದೊಡ್ಡದು. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಮೂರು ಬಾರಿ ಹಂಚಿಕೊಂಡ ಮೇಲೆ 1795ರಿಂದ 1918ರವರೆಗೆ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ಹಾಗೆಂದು ರುಮಾನಿಯನರನ್ನು ಪರ್ವತವು ಕಾಪಾಡಿತೆನ್ನುವುದೂ ಅರ್ಧ ಸತ್ಯವೇ. ಅದರ ಆಚೆಯ ಟ್ರಾನ್ಸಿಲ್ವೇನಿಯವು ಪರರ ಕೈಯಲ್ಲಿತ್ತು. ಈಚೆಯ ಮೊಲ್ಡೇವಿಯ, ವಲಾಕಿಯಗಳು ತುರ್ಕರಿಗೆ ಕಪ್ಪ ಕೊಡುತ್ತಿದ್ದುವು. ಎರಡು ಮಗ್ಗುಲೂ ಒಂದಾದದ್ದು 1918ರಲ್ಲಿ.

ಅನಂತರದ ಎರಡು ದಶಕಗಳು ಇವೆರಡೂ ನೆರೆರಾಜ್ಯಗಳಾಗಿದ್ದುವು. 1939ರ ಸೆಪ್ಟೆಂಬರ್ 1ರಂದು ಜರ್ಮನರು ಪಶ್ಚಿಮದಿಂದಲೂ 17ರಂದು ಸೋವಿಯತ್ ಸೇನೆಯು ಪೂರ್ವದಿಂದಲೂ ಆ ಬಯಲಿಗೆ ನುಗ್ಗಿದಾಗ, ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ರುಮಾನಿಯವೂ ಒಂದು. 17ರ ರಾತ್ರಿ ಪೋಲೆಂಡಿನ ಅಧ್ಯಕ್ಷರೂ ಸರ್ಕಾರವೂ ಚೆರೆಮೋಶ್ ಹೊಳೆಯ ಸೇತುವೆಯನ್ನು ದಾಟಿದರು. ಅವರಿಗೂ ಮುನ್ನವೇ ಪೋಲೆಂಡಿನ ರಾಷ್ಟ್ರೀಯ ಬ್ಯಾಂಕಿನ ಚಿನ್ನದ ಬಹುಭಾಗವು ಕಾನ್‌ಸ್ಟಾಂಟ್ಸ ಬಂದರಿನಿಂದ ಹಡಗೇರಿ ಪಾರಾಗಿತ್ತು. ಹತ್ತಾರು ಸಾವಿರ ಸೈನಿಕರೂ ನಾಗರಿಕರೂ ಅದೇ ದಾರಿಯನ್ನು ಹಿಡಿದರು. ಜರ್ಮನಿಯ ಒತ್ತಡಕ್ಕೆ ಮಣಿದು ರುಮಾನಿಯವು ಮುಖಂಡರನ್ನು ನಿರ್ಬಂಧದಲ್ಲಿರಿಸಿತು. ಅನೇಕ ಸೈನಿಕರು ಮಾತ್ರ ಶಿಬಿರಗಳಿಂದ ನುಸುಳಿ ಫ್ರಾನ್ಸನ್ನು ಸೇರಿದರು.

ಆ ಗಡಿ ಈಗಿಲ್ಲ. ಯುದ್ಧಾನಂತರ ಪೋಲೆಂಡಿನ ಎಲ್ಲೆಗಳೇ ಪಶ್ಚಿಮಕ್ಕೆ ಸರಿದುವು. ಚೆರೆಮೋಶ್ ಇಂದು ಉಕ್ರೇನಿನೊಳಗೆ ಹರಿಯುತ್ತದೆ. ರುಮಾನಿಯದ ಬುಕೊವಿನದಲ್ಲಿ ಮಾತ್ರ ಕಚೀಕ ಎಂಬ ಊರಿದೆ. ಆಸ್ಟ್ರಿಯದ ಆಳ್ವಿಕೆಯಲ್ಲಿ ಅಲ್ಲಿ ಉಪ್ಪಿನ ಗಣಿಯನ್ನು ತೋಡಲು ಪೋಲಿಷ್ ಗಣಿಗಾರರನ್ನು ಕರೆತಂದಿದ್ದರು. ಅವರ ಸಂತತಿಯವರು ಇಂದಿಗೂ ಆ ಸೀಮೆಯಲ್ಲಿದ್ದಾರೆ.