ಬಾಂಡ್ ದ್ವೀಪದಲ್ಲಿ ವಿಲನ್ ಗುಹೆ ಹುಡುಕಿದೆ!

‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ (1974) ನೋಡಿದ್ದೀರಲ್ಲ? ಚಿನ್ನದ ಪಿಸ್ತೂಲಿನ ಕ್ರಿಸ್ಟೋಫರ್ ಲೀ, ಬೆನ್ನಟ್ಟುವ ರೋಜರ್ ಮೂರ್! ಅಪ್ಪ ಸೆಕೆಂಡ್ ಶೋ ನೋಡಿದ್ದ ಆ ಕಥೆ ಕೇಳಿಯೇ ನಾನು ಬೆಳೆದದ್ದು. ವಿಲನ್ ಅಡಗುತಾಣ ನೋಡಲೇಬೇಕೆಂದು ಥಾಯ್‌ಲ್ಯಾಂಡಿನ ಫಾಂಗ್ ನ್ಗಾ ಕೊಲ್ಲಿಗೆ ಹೊರಟೇಬಿಟ್ಟೆ.

ಮೊದಲು ಸಿಕ್ಕಿದ್ದು ಥಾಮ್ ಲೋಡ್ ಗುಹೆ. ದೋಣಿ ಈ ಕಡೆ ನುಗ್ಗಿ ಆ ಕಡೆ ಹೊರಬರುತ್ತೆ! ತಲೆ ಮೇಲೆ ಸುಣ್ಣಕಲ್ಲಿನ ಜಡೆಗಳು ಇಳಿಬಿದ್ದಿವೆ. ನಾನಂತೂ ಕತ್ತು ಬಗ್ಗಿಸಿಯೇ ಕೂತಿದ್ದೆ ಕಣ್ರೀ.

ಆಮೇಲೆ ಖಾವ್ ಫಿಂಗ್ ಕಾನ್ ದ್ವೀಪ, ಅಂದರೆ ಒಂದಕ್ಕೊಂದು ಒರಗಿದ ಬೆಟ್ಟ. ಇಲ್ಲೂ ಗುಹೆ ಇದೆ, ಆದರೆ ಸಣ್ಣದು. ವಿಲನ್ ಮನೆ, ಯಂತ್ರಗಳು ಎಲ್ಲಿ ಸ್ವಾಮಿ? ಒಳಗಿನದೆಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋ ಸೆಟ್ಟು!

ಎದುರಿಗೆ ನೀರಲ್ಲಿ ಕೋ ತಾಪು ಬಂಡೆ, ಸುಮಾರು 20 ಮೀಟರ್ ಎತ್ತರ. ತಲೆ ದಪ್ಪ, ಬುಡ ಸಣ್ಣ. ಸಮುದ್ರ ತಿಂದು ಸವೆಸಿದೆ. 1998ರಿಂದ ದೋಣಿಗಳನ್ನು ಹತ್ತಿರ ಬಿಡೋದಿಲ್ಲ. ‘ಒಂಚೂರು ಹೋಗೋಣ’ ಅಂತ ಸನ್ನೆ ಮಾಡಿದೆ. ದೋಣಿಯವನು ತಲೆಯಾಡಿಸಿ ಮುಖ ತಿರುಗಿಸಿದ. ನಾಚಿಕೆಯಾಯಿತು. ನಮ್ಮಂಥ ಅಭಿಮಾನಿಗಳ ದೋಣಿಗಳ ಅಲೆಯೂ ಆ ಬುಡಕ್ಕೇ ಅಲ್ಲವೇ ಬಡಿಯೋದು?

ಊರಿಗೆ ಬಂದು ಫೋಟೋ ತೋರಿಸಿದೆ. ‘ಗುಹೆ ಹೇಗಿತ್ತೋ?’ ಅಂದ್ರು ಅಪ್ಪ.

‘ಭಾರೀ ದೊಡ್ಡದಪ್ಪಾ’ ಅಂದೆ.