ಮಕ್ಕಳಲ್ಲಿ ಭಾವನೆಗಳ ನಿರ್ವಹಣೆ

ಮಕ್ಕಳಲ್ಲಿ ಭಾವನೆಗಳ ನಿರ್ವಹಣೆ ಎಂದರೆ ಕೋಪ, ಭಯ, ದುಃಖ, ನಿರಾಶೆ ಮುಂತಾದ ಭಾವನೆಗಳು ಉಕ್ಕಿದಾಗ ಅವುಗಳನ್ನು ಗುರುತಿಸಿ, ತನಗೂ ಇತರರಿಗೂ ಹಾನಿಯಾಗದಂತೆ ವ್ಯಕ್ತಪಡಿಸಿ, ಮತ್ತೆ ಸಮಾಧಾನಕ್ಕೆ ಮರಳುವ ಸಾಮರ್ಥ್ಯವನ್ನು ಮಗು ಕ್ರಮೇಣ ಪಡೆಯುವ ಪ್ರಕ್ರಿಯೆ. ಇದು ಭಾವನೆಯನ್ನು ಅದುಮಿಡುವುದಕ್ಕಿಂತ ಭಿನ್ನವಾದುದು. ಈ ಸಾಮರ್ಥ್ಯವು ಮೊದಲು ಹಿರಿಯರ ಆಸರೆಯಲ್ಲಿ ಕೆಲಸಮಾಡಿ, ಅನಂತರ ಮಗುವಿನ ಸ್ವಂತದ್ದಾಗುತ್ತದೆ.

ಹಿನ್ನೆಲೆ

ಸಂಯಮಕ್ಕೆ ಮುಖ್ಯವಾದ ಮಿದುಳಿನ ಮುಂಭಾಗವು (ಪ್ರಿಫ್ರಂಟಲ್ ಕಾರ್ಟೆಕ್ಸ್) ಸುಮಾರು 25ನೆಯ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಆದ್ದರಿಂದ ಎರಡು ವರ್ಷದ ಮಗುವಿಗೆ ಸುಮ್ಮನಿರೆಂದು ಗದರುವುದು, ಅದರಲ್ಲಿ ಇನ್ನೂ ಬೆಳೆಯದ ಶಕ್ತಿಯನ್ನು ಕೇಳಿದಂತೆಯೇ ಸರಿ. ಶಿಶುವು ತನ್ನನ್ನು ನೋಡಿಕೊಳ್ಳುವವರ ದನಿ, ಸ್ಪರ್ಶ, ಮುಖಭಾವಗಳಿಂದ ಸಮಾಧಾನವನ್ನು ಎರವಲು ಪಡೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ 'ನಿಶ್ಚಲ ಮುಖ' ಪ್ರಯೋಗವು ಇದನ್ನು ತೋರಿಸಿತು. ಮಗುವಿನೊಡನೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ನಿರ್ಭಾವದಿಂದ ಕುಳಿತರೆ, ಶಿಶು ಮೊದಲು ಅವಳನ್ನು ಸೆಳೆಯಲು ಯತ್ನಿಸುತ್ತದೆ. ಫಲಿಸದಿದ್ದಾಗ ಮುಖ ತಿರುಗಿಸಿ ಖಿನ್ನವಾಗುತ್ತದೆ.

ಹಠ ಮತ್ತು ರಚ್ಚೆ

ಒಂದರಿಂದ ನಾಲ್ಕು ವರ್ಷದ ಮಕ್ಕಳು ರಚ್ಚೆ ಹಿಡಿಯುವುದು, ನೆಲದ ಮೇಲೆ ಹೊರಳಾಡುವುದು ಸಾಮಾನ್ಯ. ಮಾತು ಇನ್ನೂ ಕೈಗೂಡದಿರುವುದು ಇದಕ್ಕೆ ಒಂದು ಕಾರಣ. ಫ್ಲಾರೆನ್ಸ್ ಗುಡ್‌ಇನಫ್ ತಾಯಂದಿರ ದಿನಚರಿಗಳನ್ನು ಆಧರಿಸಿ 1931ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಿದ್ರೆಯ ಹೊತ್ತು ಸಮೀಪಿಸಿದಾಗ ಮಕ್ಕಳ ಕೋಪ ಹೆಚ್ಚುವುದು ಕಂಡುಬಂದಿತು. ಹಸಿವು, ಆಯಾಸಗಳನ್ನು ವಿಚಾರಿಸದೆ ಹಠವನ್ನು ದುರ್ಗುಣವೆಂದು ಬಗೆಯುವುದು ಇದರಿಂದ ಪ್ರಶ್ನಾರ್ಹವಾಗುತ್ತದೆ.

ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ 2003ರಲ್ಲಿ 335 ಮಕ್ಕಳ ರಂಪಾಟದ ವಿವರಗಳನ್ನು ವಿಶ್ಲೇಷಿಸಿದರು. ಸುಮಾರು ಮುಕ್ಕಾಲು ಪಾಲು ರಂಪಾಟಗಳು 5 ನಿಮಿಷದೊಳಗೆ ಮುಗಿದಿದ್ದವು. ಕೋಪವು ಆರಂಭದಲ್ಲೇ ತುದಿಮುಟ್ಟಿ ಇಳಿಯುತ್ತದೆ. ಅಳು ಮತ್ತು ಆಸರೆಯ ಹಂಬಲಗಳಲ್ಲಿ ಕಾಣುವ ದುಃಖವಾದರೋ ಉದ್ದಕ್ಕೂ ಉಳಿದಿರುತ್ತದೆ. ಕೂಗಾಟದ ತುದಿಯಲ್ಲಿ ಬುದ್ಧಿಮಾತು ಹೇಳುವುದಕ್ಕಿಂತ ಹತ್ತಿರವಿದ್ದು ಕಾಯುವುದು ಲೇಸೆಂಬ ಸಲಹೆಗೆ ಇದು ಹೊಂದಿಕೆಯಾಗುತ್ತದೆ.

ನೆರವಾಗುವ ಕ್ರಮ

1990ರ ದಶಕದಲ್ಲಿ ಜಾನ್ ಗಾಟ್ಮನ್ ಮತ್ತು ಸಹೋದ್ಯೋಗಿಗಳು 'ಭಾವನಾ ತರಬೇತಿ' ಎಂಬ ಕ್ರಮವನ್ನು ವಿವರಿಸಿದರು. ಮಗುವಿನ ಭಾವನೆಯನ್ನು ಗಮನಿಸುವುದು, ಕಲಿಸಲು ದೊರೆತ ಸಂದರ್ಭವೆಂದು ಅದನ್ನು ಕಾಣುವುದು, ಆಲಿಸುವುದು, ಹೆಸರಿಡಲು ನೆರವಾಗುವುದು, ವರ್ತನೆಗೆ ಮಿತಿಯಿಟ್ಟು ಪರಿಹಾರ ಹುಡುಕುವುದು ಇದರ ಹಂತಗಳು. ಗೋಪುರ ಬಿತ್ತೆಂದು ತಮ್ಮನಿಗೆ ಹೊಡೆದ ಮಗುವಿಗೆ, "ಕಷ್ಟಪಟ್ಟು ಕಟ್ಟಿದ್ದು ಬಿತ್ತಲ್ಲ, ಸಿಟ್ಟು ಬಂತೇ ಕಂದ? ಆದರೆ ತಮ್ಮನಿಗೆ ಹೊಡೆಯಬಾರದು" ಎಂದರೆ ಸಿಟ್ಟಿಗೆ ಒಪ್ಪಿಗೆಯೂ ಏಟಿಗೆ ತಡೆಯೂ ಒಟ್ಟಿಗೆ ಸಿಗುತ್ತವೆ. ಕನ್ನಡದಲ್ಲಿ ಮುನಿಸು, ಅಳುಕು, ಬೇಸರ, ನಾಚಿಕೆ, ಹೊಟ್ಟೆಕಿಚ್ಚು ಎಂದು ಈ ಕೆಲಸಕ್ಕೆ ಒದಗುವ ಪದಗಳು ಹೇರಳವಾಗಿವೆ. ಮನೆಮಾತಿನಲ್ಲಿ ಹೆಸರಿಸುವುದು ಮಗುವಿಗೆ ಸುಲಭ.

ಹಿರಿಯರ ವರ್ತನೆಯೂ ಪಾಠವೇ. ತಾನೇ ಕೂಗಾಡುತ್ತ ಕೂಗಬೇಡವೆನ್ನುವ ತಂದೆಯಿಂದ ಮಗು ಕಲಿಯುವುದು ಕೂಗಾಟವನ್ನು.

ರೂಢಿಯ ಉಪಾಯಗಳು

ಗುಮ್ಮ ಬರುತ್ತಾನೆಂದು ಹೆದರಿಸುವುದು, ಬಿದ್ದ ಮಗುವಿನ ಮುಂದೆ ನೆಲಕ್ಕೆ ಹೊಡೆಯುವುದು, ಗಂಡುಮಕ್ಕಳು ಅಳಬಾರದೆನ್ನುವುದು ಕರ್ನಾಟಕದ ಮನೆಗಳಲ್ಲಿ ಪರಿಚಿತ. ಇವು ಅಳುವನ್ನು ನಿಲ್ಲಿಸಬಹುದು. ಆದರೆ ಮೊದಲನೆಯದು ಒಂದು ಭಾವನೆಯ ಮೇಲೆ ಭಯವನ್ನು ಹೇರುತ್ತದೆ, ಎರಡನೆಯದು ನೋವಿಗೆ ಯಾರನ್ನಾದರೂ ದಂಡಿಸಬೇಕೆಂದು ಸೂಚಿಸುತ್ತದೆ. ಎತ್ತಿಕೊಂಡು ಅಂಗಳಕ್ಕೆ ಹೋಗಿ ಚಂದ್ರನನ್ನೋ ಕಾಗೆಯನ್ನೋ ತೋರಿಸುವ ರೂಢಿಯಲ್ಲಿ ಗಮನ ಬದಲಿಸುವಿಕೆಯ ಜೊತೆಗೆ ಹಿರಿಯರ ಮೈಯ ಆಸರೆಯೂ ಇದೆ. ಮೊಬೈಲನ್ನು ಕೈಗಿಡುವುದು ಇದಕ್ಕೆ ಸಮನಲ್ಲ. ಅಮೆರಿಕದಲ್ಲಿ 3ರಿಂದ 5 ವರ್ಷದ ಮಕ್ಕಳ ಬಗ್ಗೆ ನಡೆದು 2022ರಲ್ಲಿ ಪ್ರಕಟವಾದ ಜೆನ್ನಿ ರಾಡೆಸ್ಕಿ ಮತ್ತಿತರರ ಅಧ್ಯಯನವು, ಸಮಾಧಾನಪಡಿಸಲು ಪದೇ ಪದೇ ಇಂಥ ಸಾಧನ ಕೊಡುವುದಕ್ಕೂ ಮುಂದಿನ ತಿಂಗಳುಗಳ ಭಾವೋದ್ರೇಕಕ್ಕೂ, ವಿಶೇಷವಾಗಿ ಗಂಡುಮಕ್ಕಳಲ್ಲಿ, ಸಂಬಂಧ ಗುರುತಿಸಿತು.

ವೈದ್ಯರ ಸಲಹೆ

ಅಳುತ್ತ ಉಸಿರುಕಟ್ಟಿ ನೀಲಿಗಟ್ಟುವುದು ಸಾಮಾನ್ಯವಾಗಿ ಅಪಾಯಕಾರಿಯಲ್ಲವಾದರೂ, ಮಕ್ಕಳ ವೈದ್ಯರಿಗೆ ತೋರಿಸುವುದು ಅಗತ್ಯ. ಕೆಲವರಲ್ಲಿ ಕಬ್ಬಿಣಾಂಶದ ಕೊರತೆ ಇರುತ್ತದೆ. ಮಗು ತನ್ನನ್ನು ತಾನೇ ಗಾಯಗೊಳಿಸಿಕೊಂಡರೆ, ಶಾಲಾ ವಯಸ್ಸಿನಲ್ಲೂ ರಂಪಾಟ ತಗ್ಗದಿದ್ದರೆ ಅಥವಾ ಕಲಿತ ಮಾತು ಹಿಂದೆ ಸರಿದರೆ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ.