ಸ್ಟೆಪ್ನಿ ಮತ್ತು ರನ್‌ಫ್ಲಾಟ್ ಟೈರು: ಒಂದು ಚಾರಿತ್ರಿಕ ವಿವೇಚನೆ

ಕೆಲವು ವರ್ಷಗಳ ಹಿಂದೆ ಶಾಸನವೊಂದರ ಅಚ್ಚು ತೆಗೆಯುವ ಉದ್ದೇಶದಿಂದ ನಾವು ವಿದ್ಯಾರ್ಥಿಗಳೊಡನೆ ಮಲೆನಾಡಿನ ಗ್ರಾಮವೊಂದಕ್ಕೆ ಬಾಡಿಗೆಯ ಕಾರಿನಲ್ಲಿ ಹೋಗಿದ್ದೆವು. ಹಿಂದಿರುಗುವಾಗ ಸಂಜೆಯ ಮಬ್ಬಿನಲ್ಲಿ ರಸ್ತೆಯಂಚಿನ ಚೂಪುಗಲ್ಲು ತಾಗಿ ಹಿಂದಿನ ಟೈರಿನ ಪಕ್ಕ ಸೀಳಿಹೋಯಿತು. ಚಾಲಕನು ಡಿಕ್ಕಿಯನ್ನು ತೆರೆದು ನೋಡಿದರೆ, ಸ್ಟೆಪ್ನಿ ಇರಬೇಕಾದ ಸ್ಥಳದಲ್ಲಿ ಅಂಟುದ್ರವದ ಸೀಸೆಯೊಂದೂ ಗಾಳಿ ತುಂಬುವ ಪುಟ್ಟ ಯಂತ್ರವೊಂದೂ ಇದ್ದುವು. ಮೊಳೆ ಚುಚ್ಚಿದ ರಂಧ್ರವನ್ನು ಮುಚ್ಚಬಲ್ಲ ಆ ದ್ರವವು ಸೀಳಿದ ಟೈರಿಗೆ ಏನನ್ನೂ ಮಾಡಲಾರದು. ದೂರವಾಣಿಯ ಸಂಪರ್ಕವೂ ದೊರೆಯದ ಆ ಸ್ಥಳದಲ್ಲಿ ನಾಲ್ಕು ಗಂಟೆಗಳ ಕಾಲ ಮಳೆಯಲ್ಲಿ ಕಾದು, ಕೊನೆಗೆ ದಾರಿಯಲ್ಲಿ ಬಂದ ಲಾರಿಯೊಂದನ್ನೇರಿ ಊರು ಸೇರಿದೆವು. “ಐದನೆಯ ಗಾಲಿಯನ್ನು ಏಕೆ ತೆಗೆದುಬಿಟ್ಟರು?” ಎಂದು ವಿದ್ಯಾರ್ಥಿನಿಯೊಬ್ಬಳು ಅಂದು ನಮ್ಮನ್ನು ಕೇಳಿದಳು. ಚರಿತ್ರೆಯ ಅಭ್ಯಾಸಿಗಳು ಇದಕ್ಕೆ ಉತ್ತರ ಹೇಳುವ ಮೊದಲು, ಅದನ್ನು ಏಕೆ ಇಟ್ಟರು ಎಂಬುದನ್ನು ವಿಚಾರಿಸಬೇಕಾಗುತ್ತದೆ. ಆ ವಿಚಾರಣೆಯೇ ಪ್ರಸ್ತುತ ಲೇಖನದ ಉದ್ದೇಶ.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ೧೮೪೫ರಲ್ಲಿಯೇ ಪೇಟೆಂಟು ಪಡೆದಿದ್ದನು. ಆದರೆ ಅದು ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅಂಥದನ್ನೇ ಪುನಃ ನಿರ್ಮಿಸಿ ೧೮೮೮ರಲ್ಲಿ ಪೇಟೆಂಟು ಪಡೆದ ಮೇಲೆಯೇ ಅದು ಲೋಕಪ್ರಸಿದ್ಧವಾಯಿತು. ಫ್ರಾನ್ಸಿನ ಮಿಶೆಲಿನ್ ಸೋದರರು ೧೮೯೫ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಸ್ಪರ್ಧೆಯಲ್ಲಿ ಗಾಳಿಯ ಟೈರುಗಳುಳ್ಳ ಮೋಟಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳು ಅವರನ್ನು ಕಾಡಿದರೂ, ಮೋಟಾರು ಗಾಳಿಯ ಮೇಲೆ ಓಡಬಲ್ಲದೆಂಬುದು ಸ್ಥಿರಪಟ್ಟಿತು. ಸುಖವೂ ಅಪಾಯವೂ ಹೀಗೆ ಒಟ್ಟಿಗೆ ಬಂದುವು.

ಆ ಕಾಲದ ಕಾರುಗಳಲ್ಲಿ ಹೆಚ್ಚಿನ ಗಾಲಿ ಇರುತ್ತಿರಲಿಲ್ಲ, ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಏಕೆಂದರೆ ಗಾಲಿಯನ್ನು ದಾರಿಯಲ್ಲಿ ಸುಲಭವಾಗಿ ಕಳಚುವಂತಿರಲಿಲ್ಲ. ಟೈರಿನಿಂದ ಗಾಳಿ ಹೋದರೆ, ಗಾಡಿಯನ್ನು ಮೇಲಕ್ಕೆತ್ತಿ, ಗಾಲಿ ಇದ್ದಲ್ಲಿಯೇ ಕಬ್ಬಿಣದ ಪಟ್ಟಿಗಳಿಂದ ಟೈರನ್ನು ಮೀಟಿ ತೆಗೆದು, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಾಗಿತ್ತು. ಈ ಕಷ್ಟವನ್ನು ಕಂಡ ವೇಲ್ಸಿನ ಲನೆಥ್ಲಿ ಪಟ್ಟಣದ ಥಾಮಸ್ ಮಾರಿಸ್ ಡೇವೀಸ್ ಮತ್ತು ಅವನ ಸೋದರ ವಾಲ್ಟರ್ ೧೯೦೪ರಲ್ಲಿ ಒಂದು ಉಪಾಯವನ್ನು ಹೂಡಿದರು. ಕಡ್ಡಿಗಳಿಲ್ಲದ ಬರಿಯ ಬಳೆಯಂತಹ ರಿಮ್ಮಿಗೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೆ ಬಿಗಿದುಬಿಡುವುದು. ಕೆಟ್ಟ ಗಾಲಿ ಅಲ್ಲಿಯೇ ಇರುತ್ತದೆ, ಭಾರವನ್ನು ಹೊಸ ಬಳೆ ಹೊರುತ್ತದೆ. ಅವರ ಅಂಗಡಿ ಆ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿದ್ದುದರಿಂದ ಆ ಸಾಧನಕ್ಕೆ ‘ಸ್ಟೆಪ್ನಿ ಸ್ಪೇರ್ ವೀಲ್’ ಎಂಬ ಹೆಸರಾಯಿತು. ಲಂಡನ್ನಿನಲ್ಲಿಯೂ ಸ್ಟೆಪ್ನಿ ಎಂಬ ಭಾಗವುಂಟು. ಆದರೆ ಈ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಲಾರಿ ಚಾಲಕರೂ ಪಂಕ್ಚರ್ ಅಂಗಡಿಯ ಹುಡುಗರೂ ನಿತ್ಯವೂ ಬಳಸುವ ‘ಸ್ಟೆಪ್ನಿ’ ಎಂಬ ಮಾತಿನ ಮೂಲ ಇದೇ. ಹುಟ್ಟಿದ ನಾಡಿನಲ್ಲಿ ಮರೆತುಹೋದ ಪದವು ಭಾರತದಲ್ಲಿಯೂ ಮಾಲ್ಟಾ ದ್ವೀಪದಲ್ಲಿಯೂ ಉಳಿದುಕೊಂಡಿದೆ. ವಸ್ತು ಬದಲಾದರೂ ಹೆಸರು ಬದಲಾಗಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಇಂದು ನಾವು ಸ್ಟೆಪ್ನಿ ಎನ್ನುವುದು ಡೇವೀಸ್ ಸೋದರರ ಬಳೆಯನ್ನಲ್ಲ, ಸಂಪೂರ್ಣವಾದ ಐದನೆಯ ಗಾಲಿಯನ್ನು. ಕೆಲವು ಬೋಲ್ಟುಗಳನ್ನೋ ನಡುವಿನ ಒಂದು ನಟ್ಟನ್ನೋ ಸಡಿಲಿಸಿ ಕಳಚಬಹುದಾದ ಗಾಲಿಗಳು ಬಳಕೆಗೆ ಬಂದ ಮೇಲೆ ಬಳೆಯ ಅಗತ್ಯ ತಪ್ಪಿತು. ಇಡೀ ಗಾಲಿಯನ್ನೇ ಹೊತ್ತೊಯ್ಯುವ ಪದ್ಧತಿ ನೆಲೆಗೊಂಡಿತು. ಹೀಗೆ ಸ್ಟೆಪ್ನಿಯು ರಸ್ತೆಯಲ್ಲಿ ನೆರವು ದೊರೆಯದ ಕಾಲದ ಶಿಶು. ನೆರವನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡಬೇಕೆಂಬುದು ಅದರ ಮೂಲತತ್ತ್ವ.

ಇನ್ನು ರನ್‌ಫ್ಲಾಟ್ ಟೈರಿನ ವಿಚಾರ. ಗಾಳಿ ಹೋದ ಮೇಲೆಯೂ ಸ್ವಲ್ಪ ದೂರ ಓಡಬಲ್ಲ ಟೈರಿಗೆ ಈ ಹೆಸರು. ಇದನ್ನು ಅರಿಯಬೇಕಾದರೆ, ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಗಾಳಿ ಎಂಬುದನ್ನು ಮೊದಲು ಮನಗಾಣಬೇಕು. ೧೨೦೦ ಕಿಲೋಗ್ರಾಂ ತೂಕದ ಕಾರಿನ ಒಂದೊಂದು ಗಾಲಿಯ ಮೇಲೆ ಸುಮಾರು ೩೦೦ ಕಿಲೋಗ್ರಾಂ, ಅಂದರೆ ೬೬೦ ಪೌಂಡು ಭಾರ ಬೀಳುತ್ತದೆ. ಟೈರಿನೊಳಗೆ ಚದರ ಅಂಗುಲಕ್ಕೆ ೩೩ ಪೌಂಡು ಒತ್ತಡವಿದ್ದರೆ, ಸುಮಾರು ೨೦ ಚದರ ಅಂಗುಲದಷ್ಟು ಟೈರು ನೆಲವನ್ನು ತಾಗಿ ಆ ಭಾರವನ್ನು ತಾಳಿಕೊಳ್ಳುತ್ತದೆ. ಇಡೀ ಕಾರು ನಾಲ್ಕು ಅಂಗೈಯಗಲದ ನೆಲದ ಮೇಲೆ ನಿಂತಿದೆಯೆಂದರೆ ತಪ್ಪಾಗದು. ಗಾಳಿ ಹೋದೊಡನೆ ಸಾಧಾರಣ ಟೈರಿನ ಪಕ್ಕಗಳು ಮಡಿಸಿಕೊಳ್ಳುತ್ತವೆ. ಉರುಳಿದಂತೆಲ್ಲ ಮಡಿಸಿ ಬಿಚ್ಚಿ ಕಾವೇರಿ, ಅಲ್ಪ ದೂರದಲ್ಲಿಯೇ ಹರಿದು ಹಾಳಾಗುತ್ತವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ರನ್‌ಫ್ಲಾಟ್ ಟೈರಿನಲ್ಲಿ ಪಕ್ಕಗಳನ್ನು ದಪ್ಪವಾದ, ಕಾವನ್ನು ತಡೆಯಬಲ್ಲ ರಬ್ಬರಿನಿಂದ ಬಲಪಡಿಸಿರುತ್ತಾರೆ. ಗಾಳಿಯಿಲ್ಲದಾಗ ಆ ಪಕ್ಕಗಳೇ ಕಂಬಗಳಂತೆ ನಿಂತು ಭಾರವನ್ನು ಹೊರುತ್ತವೆ. ಆದರೆ ಅದು ಮಿತಕಾಲದ ಸೇವೆ: ಗಂಟೆಗೆ ೮೦ ಕಿಲೋಮೀಟರು ಮೀರದ ವೇಗದಲ್ಲಿ ಸುಮಾರು ೮೦ ಕಿಲೋಮೀಟರು ದೂರ ಎಂಬುದು ಸಾಮಾನ್ಯವಾಗಿ ತಯಾರಕರು ಹೇಳುವ ಮಿತಿ. ಗಾಳಿ ಹೋದುದು ಚಾಲಕನ ಅನುಭವಕ್ಕೆ ಬಾರದಿರಬಹುದಾದ್ದರಿಂದ, ಒತ್ತಡದ ಇಳಿಕೆಯನ್ನು ಸೂಚಿಸುವ ಸಾಧನವೂ ಇದರೊಡನೆ ಇರಲೇಬೇಕು.

ಈ ಟೈರಿನ ಚರಿತ್ರೆಯಲ್ಲಿ ಸೋಲುಗಳು ಗೆಲುವುಗಳಷ್ಟೇ ಬೋಧಪ್ರದವಾಗಿವೆ. ೧೯೭೦ರ ದಶಕದಲ್ಲಿ ಇಂಗ್ಲೆಂಡಿನ ಡನ್ಲಪ್ ಸಂಸ್ಥೆ ‘ಡೆನೋವೊ’ ಎಂಬ ಟೈರನ್ನು ಹೊರತಂದಿತು. ಅದಕ್ಕೆ ವಿಶೇಷವಾದ ಗಾಲಿಯೇ ಬೇಕಾಗಿತ್ತು. ಮಿಶೆಲಿನ್ ಸಂಸ್ಥೆಯ ‘ಪ್ಯಾಕ್ಸ್’ ಪದ್ಧತಿಯಲ್ಲಿ ಟೈರಿನೊಳಗೆ ಆಧಾರದ ಬಳೆಯೊಂದಿದ್ದು, ಅದನ್ನು ಕಳಚಿ ಜೋಡಿಸಲು ವಿಶೇಷ ಯಂತ್ರಗಳು ಅಗತ್ಯವಾಗಿದ್ದುವು. ೨೦೦೫ರ ಸುಮಾರಿಗೆ ಅಮೆರಿಕದಲ್ಲಿ ಹೋಂಡಾ ಒಡಿಸ್ಸಿಯ ಒಂದು ಮಾದರಿಗೆ ಇದನ್ನು ಅಳವಡಿಸಿದಾಗ, ದುರಸ್ತಿಯ ಅಂಗಡಿ ದೊರೆಯದೆ ಬೇಸತ್ತ ಖರೀದಿದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಎರಡೂ ಪದ್ಧತಿಗಳು ಮೂಲೆಗೆ ಸರಿದುವು. ಸಾಧಾರಣ ರಿಮ್ಮಿನ ಮೇಲೆಯೇ ಕೂರುವ ದಪ್ಪ ಪಕ್ಕದ ಟೈರಾದರೋ ನೆಲೆಯೂರಿತು. ೧೯೯೭ರಲ್ಲಿ ಹೊರಬಂದ ಷೆವ್ರೊಲೆ ಕಾರ್ವೆಟ್ ಸ್ಟೆಪ್ನಿಯನ್ನು ಬಿಟ್ಟು ಇಂಥ ಟೈರುಗಳನ್ನು ತೊಟ್ಟಿತು. ಅನಂತರದ ದಶಕದಲ್ಲಿ ಬಿಎಂಡಬ್ಲ್ಯು ಸಂಸ್ಥೆ ತನ್ನ ಅನೇಕ ಮಾದರಿಗಳಲ್ಲಿ ಅದನ್ನು ಅನುಸರಿಸಿತು. ಟೈರಿನ ಭವಿಷ್ಯವನ್ನು ಅದರ ಗುಣದೊಡನೆ ದಾರಿಬದಿಯ ಅಂಗಡಿಯೂ ನಿರ್ಧರಿಸಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇವೆರಡರ ನಡುವೆ ಮೂರನೆಯ ಮಾರ್ಗವೊಂದು ಬಂದಿದೆ. ನಮ್ಮನ್ನು ಮಳೆಯಲ್ಲಿ ನಿಲ್ಲಿಸಿದುದು ಅದೇ. ೨೦೨೦ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ, ಟ್ಯೂಬಿಲ್ಲದ ಟೈರುಗಳೂ ಒತ್ತಡಸೂಚಕವೂ ದುರಸ್ತಿಯ ಸಲಕರಣೆಯೂ ಉಳ್ಳ ಪ್ರಯಾಣಿಕರ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ವಿಧಿಸಿತು. ಸ್ಟೆಪ್ನಿಯನ್ನು ತೆಗೆದರೆ ತೂಕ ಇಳಿಯುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಗೆ ಸ್ಥಳ ದೊರೆಯುತ್ತದೆ. ಈ ಅನುಕೂಲಗಳು ನಿಜವಾದುವೇ. ಆದರೆ ಸ್ಟೆಪ್ನಿಯಿಲ್ಲದ ಕಾರಿನಲ್ಲೆಲ್ಲ ರನ್‌ಫ್ಲಾಟ್ ಟೈರು ಇದ್ದೇ ಇರುವುದೆಂದು ತಿಳಿಯುವುದು ತಪ್ಪು.

ಹಾಗಾದರೆ ಯಾವುದು ಮೇಲು? ರನ್‌ಫ್ಲಾಟ್ ಟೈರಿನ ಗುಣಗಳು ಅಲ್ಪವಲ್ಲ. ವೇಗದಲ್ಲಿ ಗಾಳಿ ಹೋದಾಗ ಗಾಡಿ ಚಾಲಕನ ಹಿಡಿತದಲ್ಲಿಯೇ ಉಳಿಯುತ್ತದೆ. ರಾತ್ರಿಯ ವೇಳೆ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಸಾಲಿಗೆ ಬೆನ್ನು ಮಾಡಿ ಜಾಕು ಹಾಕುತ್ತ ಕೂರುವ ಅಪಾಯ ತಪ್ಪುತ್ತದೆ. ವೃದ್ಧರಿಗೂ ಅಶಕ್ತರಿಗೂ ಇದು ದೊಡ್ಡ ಉಪಕಾರ. ದೋಷಗಳೂ ಇವೆ: ಬೆಲೆ ಹೆಚ್ಚು, ಸವಾರಿ ಗಡಸು, ಬಿರುಸಾದ ಪಕ್ಕಗಳ ಆ ಟೈರನ್ನು ಹಳ್ಳಿಯ ಅಂಗಡಿಯಲ್ಲಿ ಮೀಟಿ ತೆಗೆಯುವುದು ಕಷ್ಟ, ಗಾಳಿಯಿಲ್ಲದೆ ಓಡಿದ ಮೇಲೆ ಸಾಮಾನ್ಯವಾಗಿ ಅದನ್ನು ಬದಲಾಯಿಸಬೇಕು. ಪಕ್ಕವೇ ದೊಡ್ಡದಾಗಿ ಸೀಳಿದರೆ ಅದರ ಆಸರೆಯನ್ನೂ ನಂಬುವಂತಿಲ್ಲ. ಸ್ಟೆಪ್ನಿಯಾದರೋ ಎಂತಹ ಗಾಯಕ್ಕೂ ಒದಗುತ್ತದೆ. ಆದರೆ ವರ್ಷಗಟ್ಟಲೆ ಡಿಕ್ಕಿಯ ತಳದಲ್ಲಿ ಮರೆತು ಬಿದ್ದು, ಬೇಕಾದ ದಿನ ತಾನೇ ಗಾಳಿಯಿಲ್ಲದೆ ಇರುವುದು ಅದರ ದೋಷ, ಅಥವಾ ನಮ್ಮದು.

ನಮ್ಮ ಅಭಿಪ್ರಾಯದಲ್ಲಿ ಇವೆರಡರ ವ್ಯತ್ಯಾಸದ ತಿರುಳು ರಬ್ಬರಿನಲ್ಲಿಲ್ಲ. ನೆರವು ಎಲ್ಲಿದೆ ಎಂಬ ಪ್ರಶ್ನೆಗೆ ಇವು ಎರಡು ಉತ್ತರಗಳು. ನೆರವು ಗಾಡಿಯೊಳಗೇ ಇರಬೇಕೆನ್ನುತ್ತದೆ ಸ್ಟೆಪ್ನಿ. ಮುಂದಿನ ೮೦ ಕಿಲೋಮೀಟರುಗಳೊಳಗೆ ಇದ್ದೇ ಇರುತ್ತದೆನ್ನುತ್ತದೆ ರನ್‌ಫ್ಲಾಟ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎರಡನೆಯ ಮಾತು ಸತ್ಯವಾದೀತು. ಆಗುಂಬೆಯ ಆಚೆಗೋ ಚಾರ್ಮಾಡಿಯ ತಿರುವುಗಳಲ್ಲೋ ೮೦ ಕಿಲೋಮೀಟರಿನೊಳಗೆ ಒಂದು ಅಂಗಡಿ ಸಿಕ್ಕೀತು. ಆದರೆ ಅದೇ ಅಳತೆಯ ರನ್‌ಫ್ಲಾಟ್ ಟೈರು ಅಲ್ಲಿ ಸಿಗುವುದೆಂದು ನಂಬಿ ಹೊರಡಲಾಗದು. ಆದುದರಿಂದ ಕಾರನ್ನು ಕೊಳ್ಳುವವರೂ ಬಾಡಿಗೆಗೆ ಪಡೆಯುವವರೂ ತಾವು ಹೋಗುವ ದಾರಿಯನ್ನು ನೆನೆದು ನಿರ್ಧರಿಸುವುದು ಉಚಿತ.

ಈಚೆಗೆ ಶಾಸನಾನ್ವೇಷಣೆಗೆ ಹೊರಡುವಾಗಲೆಲ್ಲ ನಾವು ಮೊದಲು ಡಿಕ್ಕಿಯನ್ನು ತೆರೆಸಿ ನೋಡುತ್ತೇವೆ. ಸ್ಟೆಪ್ನಿ ಇದ್ದರೆ ಅದರ ಗಾಳಿಯನ್ನೂ ಅಳೆಸುತ್ತೇವೆ. ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಈಗ ತಾನೇ ಗಾಲಿ ಬದಲಾಯಿಸುವುದನ್ನು ಕಲಿತಿದ್ದಾಳೆ.